ಹೇಳಿದ್ದು ಬಾರಿಸದಾಕೆ

ಅಕ್ಕನ ಎಡಭುಜದ ಮೇಲೆ ಒಂದು ತಗ್ಗು ಇತ್ತು. ಕಂಡಕ್ಟರ್ ಚೀಲದ ಪಟ್ಟಿ ವರ್ಷಾನುಗಟ್ಟಲೆ ಅದೇ ಜಾಗದಲ್ಲಿ ಕೂತು ಕೂತು ಆದದ್ದು. ಖಾಕಿ ಕೋಟು ತೆಗೆದು, ಓಢಣಿಯನ್ನು ಸೊಂಟಕ್ಕೆ ಬಿಗಿದು ಡ್ರಮ್ಮಿನ ಹಿಂದೆ ಕೂತಳೆಂದರೆ ಕೊರಳಂಚಿನಲ್ಲಿ ಆ ತಗ್ಗಿನ ತುದಿ ಕಾಣುತ್ತಿತ್ತು. ಬಾರಿಸುತ್ತ ಹೋದಂತೆ ಅದರಲ್ಲಿ ಬೆವರು ನಿಲ್ಲುತ್ತಿತ್ತು. "ಅಕ್ಕಾ, ಅಲ್ಲಿ ಒಂದು ಸಾಲು ಶೇಂಗಾ ಬಿತ್ತಬಹುದು ನೋಡು" ಎಂದು ನಾನು ಕಾಡಿದರೆ, "ಬಿತ್ತಲೇ. ಬೆಳದ ಮ್ಯಾಲ ನಿನಗ ಒಂದು ಕಾಳೂ ಕೊಡಂಗಿಲ್ಲ" ಅನ್ನುತ್ತಿದ್ದಳು.

ನನ್ನ ಒಡಹುಟ್ಟಿದ ಅಕ್ಕನಲ್ಲ. ಆಳಂದದ ಬೌದ್ಧ ಮನೆತನದ ಹೆಣ್ಣುಮಗಳು, ಸರ್ಕಾರಿ ಬಸ್ಸಿನ ಕಂಡಕ್ಟರ್. ನಾನು ಅಫಜಲಪುರದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು, ಲಿಂಗಾಯತರ ಮನೆಯವನು. ಮೂರನೆಯವನು ಜೇವರಗಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ನನ್ನ ಕಾಲೇಜು ಗೆಳೆಯ. ಅವನನ್ನು ನಾವಿಬ್ಬರೂ ಭಾಯ್ ಅನ್ನುತ್ತಿದ್ದೆವು. ಅಕ್ಕ ಡ್ರಮ್, ನಾನು ಗಿಟಾರ್, ಭಾಯ್ ಬೇಸ್ ಗಿಟಾರ್. ಮೂರು ತಾಲ್ಲೂಕಿನ ಮೂವರು ಸೇರಿ ಹತ್ತಿರ ಹತ್ತಿರ ಹತ್ತು ವರ್ಷ ರಾಕ್ ಬಾರಿಸಿದೆವು. ಹಾಡಿಲ್ಲದ ರಾಕ್. ಮೊದಲೇ ಏನನ್ನೂ ಗೊತ್ತುಮಾಡಿಕೊಳ್ಳದೆ, ಆ ಗಳಿಗೆಗೆ ಕೈಗೆ ಏನು ಬರುತ್ತದೋ ಅದು. ಈ ಬಿಸಿಲ ನಾಡಿನಲ್ಲಿ ಅಂಥದ್ದನ್ನು ಯಾರು ಕೇಳುತ್ತಾರೆ ಎಂದು ಮೂಗು ಮುರಿಯುವವರಿಗೆ ನನ್ನದೊಂದೇ ಉತ್ತರ. ಕೇಳಿದರು. ಬೈಯುತ್ತಲಾದರೂ ಕೇಳಿದರು. ಕೇಳದಿದ್ದರೂ ನಾವು ಬಿಡುವವರಾಗಿರಲಿಲ್ಲ.

ಮೊದಲ ಸಲ ಅಕ್ಕನನ್ನು ಕಂಡದ್ದು ಕಬ್ಬು ಕಡಿಯುವ ಹಂಗಾಮಿನಲ್ಲಿ. ಕರಜಗಿಯಲ್ಲಿ ಒಬ್ಬ ಪರಿಚಿತನ ಹತ್ತಿರ ಹಳೆಯದೊಂದು ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿತ್ತು. ಅದರೊಳಗಿನ ಸುರುಳಿ ಸುಟ್ಟಿತ್ತು. ಮೋಟಾರಿನ ಸುರುಳಿ ಸುತ್ತುವ ನನಗೆ ಅದೇನು ದೊಡ್ಡದು ಎಂದು ಹಿಗ್ಗಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರಮ್ಮ ಬಂದು ನಿಂತಳು.

"ಇದರ ಲಗೇಜ್ ಟಿಕೀಟು ಯಾರು ತಗೋತಾರ?"

"ತೊಡಿ ಮ್ಯಾಲ ಇಟಗೊಂಡೇನಲ್ರಿ."

"ಕೂಸಿದ್ರ ತೊಡಿ ಮ್ಯಾಲ ಇಟಗೋಬೇಕು. ಇದೇನು ಕೂಸೇನು?"

"ಹೌದ್ರಿ" ಅಂದೆ. ಆಕೆಗೆ ನಗು ತಡೆಯಲಾಗಲಿಲ್ಲ. ಟಿಕೀಟು ಮಾತ್ರ ಹರಿದೇ ಕೊಟ್ಟಳು.

ಮುಂದೆ ಕಬ್ಬಿನ ಟ್ರಾಲಿಯೊಂದು ರಸ್ತೆಗೆ ಅಡ್ಡ ಬಿದ್ದು ಎರಡೂ ಕಡೆ ಗಾಡಿಗಳು ನಿಂತವು. ಡ್ರೈವರ್ ಇಂಜಿನ್ ಆರಿಸಿ ಇಳಿದು ಹೋದ. ಒಳಗೆ ಉಸಿರು ಕಟ್ಟುವ ಸೆಕೆ. ಕೂಸುಗಳು ಅಳುತ್ತಿದ್ದವು, ದೊಡ್ಡವರು ಸರ್ಕಾರವನ್ನು ಬೈಯುತ್ತಿದ್ದರು. ಆಕೆ ಬಾಗಿಲ ಹತ್ತಿರದ ಕಬ್ಬಿಣದ ಕಂಬಕ್ಕೆ ಒರಗಿ ಒಂದು ರೂಪಾಯಿಯ ನಾಣ್ಯದಿಂದ ಅದನ್ನು ಬಡಿಯತೊಡಗಿದಳು. ಬೇಸರಕ್ಕೆ ಬಡಿಯುವ ಬಡಿತ ಅದಾಗಿರಲಿಲ್ಲ. ಮೂರು ಬಡಿತ ಬಂದು, ಬರಬೇಕಾದ ನಾಲ್ಕನೆಯದು ಬರುತ್ತಿರಲಿಲ್ಲ. ನಾವು ಕೈಬಿಟ್ಟ ಮೇಲೆ ಎಲ್ಲಿಂದಲೋ ಬರುತ್ತಿತ್ತು. ನನ್ನ ಬೆರಳು ತಾವಾಗಿ ತಂತಿಯ ಮೇಲೆ ಹೋದವು.

"ಯಾವ ಹಾಡ್ರಿ ಅದು?" ಎಂದು ಕೇಳಿದೆ.

"ಹಾಡು ಗೀಡು ಏನಿಲ್ಲ. ನಾ ಬಡೀತೇನಿ, ನೀ ಎತ್ತಾಗರೆ ಹೋಗು."

ಹೋದೆ. ಎಷ್ಟು ಹೊತ್ತು ಹೋದೆವೋ, ಟ್ರಾಲಿ ಎತ್ತಿ ದಾರಿ ಬಿಟ್ಟಾಗ ಆಕೆ ಹಗ್ಗ ಎಳೆದು ಎರಡು ಸಲ ಗಂಟೆ ಹೊಡೆದಳು. ಮುಂದಿನ ಸೀಟಿನ ಮುದುಕಿಯೊಬ್ಬಳು, "ಯವ್ವಾ, ಇಷ್ಟ ಲಗೂ ಯಾಕ ಹೊಂಟಿ ಬೇ? ಚಲೋ ನಡದಿತ್ತು" ಎಂದು ಗೊಣಗಿದಳು. ನಮಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಬಸ್ಸಿನ ಗಂಟೆಯ ಕಾನೂನು ಹಾದಿಯ ಕೂಸಿಗೂ ಗೊತ್ತು. ಎರಡು ಹೊಡೆದರೆ ಹೊರಡು, ಒಂದು ಹೊಡೆದರೆ ನಿಲ್ಲು. ಮುಂದೆ ನಮ್ಮ ತಂಡಕ್ಕಿದ್ದ ಕಾನೂನೂ ಅದೊಂದೇ. ಅಕ್ಕ ಡ್ರಮ್ಮಿನ ಜೊತೆಗಿನ ಹಿತ್ತಾಳೆಯ ತಟ್ಟೆಯ ನಡುವಿನ ಗುಬುಟಿನ ಮೇಲೆ ಕೋಲಿನಿಂದ ಟಣ್ ಟಣ್ ಎಂದರೆ ಹೊರಟೆವು. ಟಣ್ ಎಂದು ಒಂದೇ ಸಲ ಅಂದರೆ ಯಾರು ಎಲ್ಲೇ ಇರಲಿ, ಅಲ್ಲೇ ನಿಂತೆವು. ನಡುವೆ ಏನಾಗಬೇಕು ಎಂಬುದನ್ನು ಯಾರೂ ಯಾರಿಗೂ ಹೇಳುವಂತಿರಲಿಲ್ಲ.

ಬಾರಿಸಲು ಜಾಗ ಕೊಟ್ಟವರು ನಮ್ಮ ಕಾಕಾ. ಅತನೂರಿನಲ್ಲಿ ಅವರದೊಂದು ತೊಗರಿ ಗೋದಾಮು. ಸೋಲಾಪುರದಲ್ಲಿ ಮುರಿದುಬಿದ್ದ ಆರ್ಕೆಸ್ಟ್ರಾದವರ ಡ್ರಮ್ಮುಗಳನ್ನು ಅಕ್ಕ ಹಳೆಯದಕ್ಕೆ ಕೊಂಡು, ತನ್ನ ಬಸ್ಸಿನ ಟಾಪಿನ ಮೇಲೆಯೇ ಹೇರಿಕೊಂಡು ತಂದಿಳಿಸಿದಳು. ಲಗೇಜ್ ಟಿಕೀಟನ್ನು ತನಗೆ ತಾನೇ ಹರಿದುಕೊಂಡಳಂತೆ! ರಾಶಿಯ ಕಾಲದಲ್ಲಿ ಗೋದಾಮು ಸೂರಿನ ತನಕ ಚೀಲಗಳಿಂದ ತುಂಬಿರುತ್ತಿತ್ತು. ಆಗ ಎಷ್ಟು ಜೋರಾಗಿ ಬಾರಿಸಿದರೂ ಸದ್ದನ್ನು ಗೋಣಿ ನುಂಗಿಬಿಡುತ್ತಿತ್ತು. ಸಣ್ಣದಾಗಿ, ಒಣಒಣವಾಗಿ, ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿದಂತೆ ಬಾರಿಸಬೇಕು. ಬೇಸಿಗೆಗೆ ಮಾಲು ಹೋಗಿ ಗೋದಾಮು ಖಾಲಿಯಾದರೆ ಒಂದು ಪೆಟ್ಟಿಗೆ ತಗಡಿನ ಸೂರು ಹತ್ತು ಪೆಟ್ಟು ತಿರುಗಿ ಕೊಡುತ್ತಿತ್ತು. ಆಗ ಒಂದು ಬಾರಿಸಿ, ಅದು ಮುಗಿಯುವ ತನಕ ಕಾಯಬೇಕು. ನಮ್ಮ ಸಂಗೀತಕ್ಕೆ ಎರಡು ಕಾಲ ಅಂತ ಜನ ಆಮೇಲೆ ಬರೆದರು. ಕಾರಣ ತೊಗರಿ ಮಾರಾಟ, ಮತ್ತೇನಲ್ಲ.

ಮೊದಮೊದಲು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಿತ್ತು ನಮ್ಮ ಬಾರಿಸಾಟ. ನಾನು ಬೆರಳು ತೋರಿಸುವ ಚಟದವನು. ತಂತಿಯ ಮೇಲೆ ಓಡಿದ್ದೇ ಓಡಿದ್ದು. ಅಕ್ಕ ಟಣ್ ಎಂದು ಒಂದು ಹೊಡೆದು ನಿಲ್ಲಿಸಿದಳು.

"ತಮ್ಮಾ, ಭಾಯ್ ಈಗ ಏನು ಬಾರಿಸಿದ?"

ನನಗೆ ಗೊತ್ತಿರಲಿಲ್ಲ.

"ಮದ್ಲ ಕೇಳು, ಆಮ್ಯಾಲ ಹೇಳು. ಹೇಳೂದಿಲ್ಲಂದ್ರ ಸುಮ್ಮ ಕುಂದ್ರು. ಸುಮ್ಮ ಕುಂದ್ರೂದೂ ಬಾರ್ಸೂದ."

ಆಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಶೇಂಗಾ ಹಿಂಡಿ, ರೊಟ್ಟಿ, ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕೊಯ್ಯುತ್ತಿರಲಿಲ್ಲ, ನೆಲಕ್ಕಿಟ್ಟು ಗುದ್ದುತ್ತಿದ್ದಳು. ಗುದ್ದುವ ಮೊದಲು ಬೆರಳಲ್ಲಿ ತಟ್ಟಿ ಕಿವಿಗೊಡುತ್ತಿದ್ದಳು. ಆಕೆ ತಟ್ಟದೆ ಬಿಟ್ಟ ವಸ್ತು ಈ ಮೂರು ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ಕೊಡ, ಬಾಗಿಲು, ಕಲ್ಲಂಗಡಿ, ಒಮ್ಮೆ ಭಾಯ್‌ನ ತಲೆ. "ತುಂಬ್ಯಾದ" ಎಂದಳು. ಭಾಯ್ ಮಾತು ಕಮ್ಮಿಯವನು. "ಶುಕ್ರಿಯಾ" ಅಂದ.

ಮೊದಲ ಕಾರ್ಯಕ್ರಮ ಜೇವರಗಿಯ ವ್ಯಾಪಾರಿಗಳು ಇಟ್ಟುಕೊಂಡ ಒಂದು ಸಮಾರಂಭದಲ್ಲಿ. ಮೈಮರೆತು ಬಾರಿಸಿದೆವು. ಅಕ್ಕ ಒಂದು ಗಂಟೆ ಹೊಡೆದಳು, ನಿಂತೆವು. ಚಪ್ಪಾಳೆ ಇಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಬಲು ಸಮಾಧಾನದಿಂದ ಕೇಳಿದರು, "ಶ್ರುತಿ ಹಚ್ಚೂದು ಮುಗೀತೇನ್ರಿ? ಇನ್ನ ಸುರು ಮಾಡ್ರಿ."

ಅವರ ತಪ್ಪೇನಿದೆ? ನಮ್ಮ ಕಡೆಯ ಭಜನೆಯವರು ಹಾರ್ಮೋನಿಯಂ, ತಬಲಾ ಹೊಂದಿಸುತ್ತ ಒಂದು ಸುತ್ತು ಚಹಾ ಮುಗಿಸುತ್ತಾರೆ. ಹಿಂದಿನಿಂದ ಇನ್ನೊಬ್ಬ ಕೂಗಿದ, "ಮೂರು ಮಂದಿ ಅದೀರಿ, ಹಾಡಾಂವ ಎಲ್ಲದಾನ? ನಾಕನೇದಾಂವ?" ಅಕ್ಕ ಮೈಕಿಗೆ ಬಗ್ಗಿ, "ನಾಕನೇದಾಂವ ಇಲ್ರಿ" ಅಂದಳು. ಮತ್ತೆ ಎರಡು ಗಂಟೆ ಹೊಡೆದಳು. ಅಲ್ಲಿಂದ ನಮ್ಮ ತಂಡದ ಹೆಸರೇ 'ನಾಕನೇದಾಂವ ಇಲ್ಲ' ಎಂದಾಯಿತು. ಪೋಸ್ಟರಿನಲ್ಲಿ ನಮ್ಮ ಹೆಸರು ಹಾಕಲು ಅಕ್ಕ ಬಿಡುತ್ತಿರಲಿಲ್ಲ. ಹೆಸರು ಗೊತ್ತಾದರೆ ಅಡ್ಡಹೆಸರು ಕೇಳುತ್ತಾರೆ, ಅಡ್ಡಹೆಸರು ಗೊತ್ತಾದರೆ ಕಿವಿ ಮುಚ್ಚುತ್ತಾರೆ ಎಂಬುದು ಆಕೆಯ ಲೆಕ್ಕ. ಅದಕ್ಕೇ ಇಲ್ಲಿಯೂ ಬರೆದಿಲ್ಲ.

ಒಂದು ದಿನ ಡ್ರಮ್ಮಿನ ಚರ್ಮ ಹರಿದಿತ್ತೆಂದು ಹೊಸದನ್ನು ಕೊಡಲು ಆಳಂದಕ್ಕೆ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ಆಕೆಯ ಅಪ್ಪ ಕನ್ನಡಕ ಹಾಕಿಕೊಂಡು ಪೇಪರು ಓದುತ್ತ ಕೂತಿದ್ದರು, ಪಕ್ಕಕ್ಕೊಂದು ಬಡಿಗೆ. ಜಿಡಗಾದ ಆಚೆಯ ಒಂದು ಹಳ್ಳಿಯವರು. ಬೌದ್ಧರಾದ ಮೇಲೆ ಊರು ಬಿಟ್ಟು ಆಳಂದಕ್ಕೆ ಬಂದು, ಗಾರೆ ಕೆಲಸ ಮಾಡಿ ಮಗಳನ್ನು ಓದಿಸಿದವರು. ನನ್ನ ಕೈಯಲ್ಲಿದ್ದ ದುಂಡನೆಯ ಗಂಟನ್ನು ನೋಡಿದರು.

"ಏನು ಅದು?"

"ಡ್ರಮ್ಮಿನ ಹೊದಿಕಿರಿ."

"ಹೊರಗ ಇಡು. ನನ್ನ ಮನ್ಯಾಗ ಅದು ಬರಂಗಿಲ್ಲ."

ಅಕ್ಕ ಒಳಗಿಂದ ಬಂದು ಹೊಸ್ತಿಲಲ್ಲಿ ನಿಂತಳು. ಅಪ್ಪ ಪೇಪರು ಮಡಿಚಿದರು. ನನಗೆ ಹೇಳಿದರೋ ಮಗಳಿಗೆ ಹೇಳಿದರೋ ತಿಳಿಯದು.

"ಗೌಡರ ಮನ್ಯಾಗ ಕೂಸು ಹುಟ್ಟಿದ್ರೂ ನಾ ಹಲಗಿ ಬಾರಿಸಬೇಕು, ಊರಾಗ ಯಾರರೆ ಸತ್ರೂ ನಾ ಬಾರಿಸಬೇಕು. 'ಬಾರಿಸಲೇ' ಅಂದ್ರ ಬಾರಿಸಬೇಕು, 'ನಿಂದ್ರಲೇ' ಅಂದ್ರ ನಿಂದ್ರಬೇಕು. ನನ್ನ ಮದ್ಲನೇ ಮಗ ಸತ್ತ ದಿನಾ ಗೌಡರ ಮದಿವಿ ಇತ್ತು. ಕರಿಯಾಕ ಬಂದ್ರು. ಕೂಸಿನ ಮಣ್ಣು ಮಾಡಿ ಬಂದು ಬಾರಿಸೇನಿ. ಮಂದಿ ಕುಣದ್ರು. ಅವತ್ತ ಸಂಜೀಕ ಹಲಗಿ ಒಯ್ದು ಬಾವ್ಯಾಗ ಒಗದೆ. ಅದಕ್ಕ ಊರ ಬಿಟ್ಟೆ, ಧರ್ಮಾ ಬಿಟ್ಟೆ. ಈಗ ನನ್ನ ಮಗಳು ಮತ್ತ ಕೋಲು ಹಿಡದಾಳ."

ಅಕ್ಕ ಸಿಟ್ಟಾಗಲಿಲ್ಲ. ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತಳು. "ಅಪ್ಪಾ, ನೀ ಬಾವ್ಯಾಗ ಒಗದಿದ್ದು ಹಲಗಿ ಅಲ್ಲ. ಹೇಳಿಸ್ಕೊಂಡು ಬಾರ್ಸೂದನ್ನ ಒಗದಿ. ನಾನೂ ಅದನ್ನ ಒಗದೇನಿ. ನನಗ ಯಾರೂ 'ಬಾರಿಸಲೇ' ಅನ್ನಂಗಿಲ್ಲ, ಅಂದ್ರ ನಾ ಬಾರ್ಸಂಗಿಲ್ಲ."

"ಇವತ್ತ ಅಂತಿ. ನಾಳಿ ಯಾರರೆ ನಿನ್ನ ಮುಂದ ಬಂದು ನಿಂತಾಗ ನೋಡೂಣು. ಒಂದ ಸಲ ಹೇಳಿದ್ದು ಬಾರಿಸಿದಿ ಅಂದ್ರ ಈ ಹೊಸ್ತಿಲಾ ತುಳೀಬ್ಯಾಡ. ನನ್ನ ಕೇಳಾಕೂ ಕರೀಬ್ಯಾಡ."

"ಆತು" ಎಂದಳು ಅಕ್ಕ.

ಅವತ್ತು ನನಗೆ ಅರ್ಥವಾಯಿತು. ಮೊದಲೇ ಗೊತ್ತುಮಾಡದೆ ಬಾರಿಸುವುದು ನನಗೂ ಭಾಯ್‌ಗೂ ಒಂದು ಮಜಾ. ಅಕ್ಕನಿಗೆ ಅದು ಮನೆಯ ಹೊಸ್ತಿಲು. ಒಂದೇ ಒಂದು ಸಲ ಯಾರದೋ ಮಾತಿಗೆ ಕೋಲು ಆಡಿಸಿದರೆ ಆಕೆಯ ಅಪ್ಪ ಹೇಳಿದ್ದೇ ಖರೆಯಾಗುತ್ತಿತ್ತು.

ಆ 'ನಾಳೆ' ಬಂದದ್ದು ನಮ್ಮ ಮನೆಯಿಂದಲೇ. ಕಾಕಾನ ಮಗನಿಗೆ ಹೆಣ್ಣು ಗೊತ್ತಾಯಿತು. ಎಲ್ಲಿ ಅಂತೀರಿ? ಜಿಡಗಾದ ಆಚೆಯ ಅದೇ ಹಳ್ಳಿಯಲ್ಲಿ. ಮದುವೆ ಹೆಣ್ಣಿನ ಊರಿನಲ್ಲೇ. ಕಾಕಾ ಪ್ರೀತಿಯಿಂದಲೇ ಹೇಳಿದರು, "ನನ್ನ ಗೋದಾಮದಾಗ ಇಷ್ಟು ವರ್ಷ ಗದ್ಲಾ ಮಾಡೀರಿ. ಮದಿವ್ಯಾಗೂ ಜರಾ ಮಾಡ್ರಿ." ನಾನು ಅಕ್ಕನನ್ನು ಕೇಳಿದೆ. ಅದು ಅಪ್ಪನ ಊರೆಂದು ಆಕೆಗೂ ಗೊತ್ತಿತ್ತು. "ನಮ್ಮದು ನಾವು ಬಾರಿಸೂದಾದ್ರ ಬರ್ತೇನಿ" ಅಂದಳು. ಕಾಕಾ ಒಪ್ಪಿದರು.

ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಪೆಂಡಾಲಿನ ಮೂಲೆಯ ಅಟ್ಟದ ಮೇಲೆ ನಾವು ಆಗಲೇ ಹೊರಟಿದ್ದೆವು. ಚಲೋ ನಡೆದಿತ್ತು. ಆಗ ಬೀಗರ ಕಡೆಯ ಹಿರಿಯರೊಬ್ಬರು ಎದ್ದು ಬಂದರು. ಬಿಳಿ ರುಮಾಲು, ಕೈಯಲ್ಲಿ ನೋಟು. ನಮ್ಮ ಕಡೆ ಅದೊಂದು ಪದ್ಧತಿ. ನೋಟನ್ನು ಮದುಮಗನ ತಲೆಯ ಸುತ್ತ ಇಳಿಸಿ ಬಾರಿಸುವವರಿಗೆ ಕೊಟ್ಟು, ಬೇಕಾದ ಹಾಡಿನ ಹೆಸರು ಹೇಳುವುದು. ಫರ್ಮಾಯಿಷ್ ಅನ್ನುತ್ತಾರೆ. ಅವರು ನೋಟು ಇಳಿಸಿ ತಂದು ಅಕ್ಕನ ಮುಖದ ಮುಂದೆ ಹಿಡಿದರು, ಒಂದು ಸಿನಿಮಾ ಹಾಡಿನ ಹೆಸರು ಹೇಳಿದರು.

ಅಕ್ಕ ಟಣ್ ಎಂದು ಒಂದು ಗಂಟೆ ಹೊಡೆದಳು. ನಿಂತೆವು.

"ಯಜಮಾನ್ರ, ನಮ್ಮದು ಫರ್ಮಾಯಿಷ್ ಇಲ್ರಿ. ನೋಟು ಇಟಗೋರಿ."

ಅವರು ಆಕೆಯನ್ನು ಈಗ ಸರಿಯಾಗಿ ನೋಡಿದರು. ಕಣ್ಣು ಸಣ್ಣದು ಮಾಡಿ ಕೆಳಗಿನ ಓಣಿಯ ಒಂದು ಹೆಸರು ಹೇಳಿ, "ಅವನ ಮಗಳಲ್ಲ ನೀ? ಮುಖಾ ಹಂಗ ಅದ" ಅಂದರು.

"ಹೌದ್ರಿ. ಅವನ ಮಗಳ."

"ಭಲೇ! ನಿಮ್ಮಪ್ಪ ನನ್ನ ಮದಿವ್ಯಾಗ ಬಾರಿಸ್ಯಾನ. ಏನು ಕೈ ಇತ್ತು ಅವಂದು! 'ಬಾರಿಸಲೇ' ಅಂದ್ರ ಸಾಕು, ಹೊತ್ತು ಮುಳುಗಾತನಾ ನಿಲ್ಲಸ್ತಿರಲಿಲ್ಲ. ನೀ ಒಂದು ಹಾಡಿಗೆ ಇಷ್ಟು ಸೊಕ್ಕು ಮಾಡ್ತಿ? ಬಾರಿಸು, ಬಾರಿಸು."

ಕೂಸು ಸತ್ತ ದಿನ ಅಪ್ಪ ಬಾರಿಸಿದ ಆ ಗೌಡರ ಮದುವೆ ಇವರದೇ ಎಂಬುದು ನನ್ನ ತಲೆಗೆ ಹೋಗುವಷ್ಟರಲ್ಲಿ ಅಕ್ಕನಿಗೆ ಹೋಗಿತ್ತು. ಆಕೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಕೈ ನೋಡಿದೆ. ಎರಡೂ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಅಂಗೈ ಊರಿದ್ದಳು.

"ನಮ್ಮಪ್ಪ ಬಾರಿಸ್ಯಾನ್ರಿ. ಅವತ್ತ ಅವನ ಮನ್ಯಾಗ ಕೂಸು ಸತ್ತಿತ್ತು. ಹೇಳಿದ್ರಿ, ಬಾರಿಸಿದ. ಅವನ ಕೂಡನಽ ಅದು ಮುಗೀತು. ನಾ ಹೇಳಿದ್ದು ಬಾರ್ಸಂಗಿಲ್ಲ. ಕೇಳಾಂಗಿದ್ರ ಕುಂದರ್ರಿ, ಇಲ್ಲಂದ್ರ ಊಟಾ ತಯಾರ ಅದ."

ಕಾಕಾ ಓಡಿ ಬಂದರು, ಹಣೆ ತುಂಬ ಬೆವರು. ನನ್ನ ಕಿವಿಯಲ್ಲಿ, "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅಕೀ ಬ್ಯಾಡಂದ್ರ ಬಿಡಲಿ, ನೀವಿಬ್ಬರು ಒಂದ ಹಾಡು ಬಾರಿಸಿ ಬಿಡ್ರಿ. ಬೀಗರು ಅದಾರಪ್ಪೋ!" ಅಂದರು. ನಾನು ಗಿಟಾರಿನ ತಂತಿಗಳ ಮೇಲೆ ಅಂಗೈ ಚಪ್ಪಟೆ ಇಟ್ಟೆ. ಆ ಕಡೆ ಭಾಯ್ ಕೂಡ ಇಟ್ಟ. ಕಾಕಾನ ಉಪ್ಪು ತಿಂದು ಬೆಳೆದವನು ನಾನು. ಆದರೂ ಆ ಕೈ ಎತ್ತಲಿಲ್ಲ, ಎತ್ತದ್ದಕ್ಕೆ ಇವತ್ತಿಗೂ ಹೆಮ್ಮೆ ಇದೆ.

ಹಿರಿಯರು ನಿಂತೇ ಇದ್ದರು. ಅಕ್ಕ ಕೂತೇ ಇದ್ದಳು. ಫ್ಯಾನಿನ ಗಾಳಿಗೆ ಆ ನೋಟು ಪಟಪಟ ಅನ್ನುತ್ತಿತ್ತು. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ನೋಡಿದರು. ಸುಮ್ಮನೆ ಕೂತದ್ದೂ ಬಾರಿಸಿದ್ದೇ ಎಂದು ಆಕೆ ಯಾವಾಗಲೂ ಹೇಳುತ್ತಿದ್ದಳಲ್ಲ, ಅಷ್ಟು ಜೋರಾಗಿ ನಾವು ಮತ್ತೆಂದೂ ಬಾರಿಸಿಲ್ಲ. ಕೊನೆಗೆ ಹಿರಿಯರು ನೋಟನ್ನು ಮಡಿಚಿ ಕಿಸೆಗೆ ಹಾಕಿಕೊಂಡು, ಬಾಯೊಳಗೆ ಏನೋ ಅಂದುಕೊಳ್ಳುತ್ತ ಹೋದರು. ಅವರು ಕುರ್ಚಿಯಲ್ಲಿ ಕೂರುವ ತನಕ ಅಕ್ಕ ಕಾದಳು. ಆಮೇಲೆ ಎರಡು ಗಂಟೆ ಹೊಡೆದಳು. ನಾವು ಹೊರಟೆವು, ಅಕ್ಕಿಕಾಳು ಬೀಳುವ ತನಕ ನಿಲ್ಲಲಿಲ್ಲ.

ಮರುದಿನವೇ ಗೋದಾಮಿಗೆ ಹೊಸ ಕೀಲಿ ಬಿತ್ತು. ಡ್ರಮ್ಮುಗಳು ಅಂಗಳದಲ್ಲಿದ್ದವು. ಕಾಕಾ ಮಾತು ಬಿಟ್ಟರು. ಅಕ್ಕ ಮಾತ್ರ ಮದುವೆಯ ದಿನ ಸಂಜೆಯೇ ಮನೆಗೆ ಹೋಗಿ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದಳಂತೆ. "ಅಪ್ಪ ಏನಂದ್ರು?" ಎಂದು ಕೇಳಿದೆ.

"ಉಂಡೀ ಇಲ್ಲೋ ಅಂತ ಕೇಳಿದ. ರೊಟ್ಟಿ ತಾನಽ ಹಾಕಿಕೊಟ್ಟ."

ಆಮೇಲೆ ಎಲ್ಲೆಲ್ಲಿ ಬಾರಿಸಿದೆವು ಎಂದು ಕೇಳಬೇಡಿ. ಸಂತೆಯಿಲ್ಲದ ದಿನ ಸಂತೆಕಟ್ಟೆಯಲ್ಲಿ, ನನ್ನ ಅಂಗಡಿಯ ಸುಟ್ಟ ಮೋಟಾರುಗಳ ನಡುವೆ, ಭೀಮಾ ದಂಡೆಯ ಮುಚ್ಚಿದ ಇಟ್ಟಿಗೆ ಭಟ್ಟಿಯಲ್ಲಿ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಕ್ಕನಿಗೆ ಕೆಲಸ ಇಮ್ಮಡಿಯಾಯಿತು. ಕಿಕ್ಕಿರಿದ ಬಸ್ಸಿನಲ್ಲಿ ದಿನವಿಡೀ ನುಗ್ಗಾಡಿ, ಡ್ಯೂಟಿ ಇಳಿದವಳು ನೇರ ಬಂದು ಕೂತರೆ ದಣಿವು ಎಲ್ಲಿ ಇಡುತ್ತಿದ್ದಳೋ ಗೊತ್ತಿಲ್ಲ. "ಬಸ್ಸಿನಾಗ ಎಲ್ಲಾರೂ ನನಗ ಹೇಳಾವ್ರ. ಇಲ್ಲಿ ಯಾರೂ ಇಲ್ಲ" ಅನ್ನುತ್ತಿದ್ದಳು.

ಗೋದಾಮು ಹೋಗುವ ಮೊದಲಿನ ಬೇಸಿಗೆಯಲ್ಲಿ ಭಾಯ್ ಖಾಲಿ ಚೀಲಗಳ ಮೇಲೆ ಫೋನ್ ಇಟ್ಟು ಒಂದು ಮಧ್ಯಾಹ್ನದ ಬಾರಿಸಾಟವನ್ನು ಹಿಡಿದಿದ್ದ. ನಮಗೆ ಹೇಳದೆ ಅದನ್ನು ಇಂಟರ್‌ನೆಟ್ಟಿಗೆ ಹಾಕಿದ. ಊರಿನವರು ಕೇಳದ್ದನ್ನು ಎಲ್ಲೆಲ್ಲಿಯವರೋ ಕೇಳಿದರು. ಯಾವ ಸ್ಟುಡಿಯೋ ಎಂದು ಒಬ್ಬ ಕೇಳಿದ್ದಕ್ಕೆ ಭಾಯ್ 'ತೊಗರಿ ಗೋದಾಮು, ಈಗ ಕೀಲಿ ಹಾಕಿದೆ' ಎಂದು ಬರೆದ. ಪುಣೆಗೆ ಹೋದೆವು, ಹೈದರಾಬಾದಿಗೆ ಹೋದೆವು. ನಿಂತು ಕೇಳುವ ಹುಡುಗ ಹುಡುಗಿಯರನ್ನು ನೋಡಿ ಅಕ್ಕನಿಗೆ ಆಶ್ಚರ್ಯ: "ಸೀಟು ಸಿಗದವರಂಗ ನಿಂತಾರ, ಆದ್ರೂ ಯಾರೂ ಇಳೀವಲ್ರು!"

ಬೆಂಗಳೂರಿನಲ್ಲಿ ಒಂದು ದೊಡ್ಡ ಉತ್ಸವಕ್ಕೆ ಕರೆದರು. ಅಷ್ಟು ದೊಡ್ಡ ವೇದಿಕೆ ನಾವು ಕಂಡಿರಲಿಲ್ಲ, ಇಡೀ ಊರಿಗೇ ಹೇಳಿಕೊಂಡು ಹೋಗಿದ್ದೆವು. ಹಿಂದಿನ ದಿನ ನಡೆಸುವ ಹೆಣ್ಣುಮಗಳು ಚಹಾ ತರಿಸಿ ಎದುರು ಕೂತಳು. ಒಳ್ಳೆಯ ಮನಸ್ಸಿನವಳೇ. ಅಕ್ಕನ ಮನೆತನದ ಕಥೆ ಯಾರಿಂದಲೋ ತಿಳಿದುಕೊಂಡಿದ್ದಳು. "ಡ್ರಮ್ಸ್ ಎಲ್ಲರೂ ಬಾರಿಸ್ತಾರೆ. ನೀವು ಹಲಗೆ ಬಾರಿಸಿದ್ರೆ ನಿಮ್ಮ ಬೇರು ಕಾಣುತ್ತೆ ಅಲ್ವಾ? ಕೊನೇಗೆ ಐದೇ ನಿಮಿಷ. ಜನ ಅದಕ್ಕೇ ಬರ್ತಿದಾರೆ" ಎಂದಳು. ಮೂಲೆಯಲ್ಲಿ ಹೊಸ ಹಲಗೆಯೊಂದನ್ನು ತರಿಸಿಟ್ಟಿದ್ದರು.

ಅಕ್ಕ ಎದ್ದು ಹೋಗಿ ಹಲಗೆಯನ್ನು ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗೊಟ್ಟಳು. ಚಲೋ ಹಲಗೆ ಎಂದು ಮುಖ ಹೇಳಿತು. ವಾಪಸು ಬಂದು ಕೂತಳು.

"ಮೇಡಂ, ನಮ್ಮ ಕಡೆ ಒಬ್ಬ ಯಜಮಾನ ನೋಟು ಇಳಿಸಿ ಇದನ್ನ ಕೇಳಿದ್ದ. ನೀವು ಚಾ ಕುಡಿಸಿ ಕೇಳಾಕತ್ತೀರಿ. ಕೇಳಾದು ಒಂದಽ ಅದರಿ."

ಆ ಹೆಣ್ಣುಮಗಳ ಕಣ್ಣಲ್ಲಿ ನೀರು ಬಂತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಪಟ್ಟಿಯಿಂದ ನಮ್ಮ ಹೆಸರು ಹೋಯಿತು. ರೈಲಿನಲ್ಲಿ ವಾಪಸು ಬರುವಾಗ, "ಅಕ್ಕಾ, ಹಲಗಿ ನಿನಗ ಬಾರ್ಸಬೇಕು ಅನಸ್ತದ. ನಾ ನೋಡೇನಿ" ಅಂದೆ. "ಅನಸ್ತದ" ಎಂದಳು. "ಯಾರೂ ಹೇಳದ ದಿನಾ ಬಾರಸ್ತೇನಿ." ಆಮೇಲೆ ಕಿಟಕಿಯ ಸರಳನ್ನು ನಾಣ್ಯದಿಂದ ತಟ್ಟುತ್ತ ರಾಯಚೂರಿನ ತನಕ ಬಂದಳು.

ಆ ದಿನ ಬರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಎಂದರು. ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಸಲೈನಿನ ಕಂಬವನ್ನು ತಟ್ಟುತ್ತಿದ್ದಳು. ನರ್ಸು ಬೈದರೆ, "ನೀ ಹೇಳಿದ್ರ ನಿಲ್ಲಸಂಗಿಲ್ಲ ನೋಡವ್ವಾ, ನನ್ನ ಸ್ವಭಾವ ಹಂಗ ಅದ" ಎಂದು ಆಕೆಯನ್ನೂ ನಗಿಸುತ್ತಿದ್ದಳು. ನನ್ನನ್ನೂ ಭಾಯ್‌ನನ್ನೂ ಹತ್ತಿರ ಕರೆದು ಒಂದೇ ಮಾತು ಹೇಳಿದಳು. "ನಾ ಹೋದ ಮ್ಯಾಲ ಮಂದಿ ಕೇಳ್ತಾರ. ನನ್ನ ಹೆಸರಿನ ಮ್ಯಾಲ ಬಾರ್ಸಬ್ಯಾಡ್ರಿ. ನಿಮಗ ಬಂದ್ರ ಬಾರ್ಸ್ರಿ." ಭಾಯ್ ಹೊರಗೆ ಹೋಗಿ ಗೋಡೆಗೆ ತಲೆಯಿಟ್ಟು ಅತ್ತ. ನಾನು ಒಳಗೇ ಅತ್ತೆ.

ಆಳಂದದ ವಿಹಾರದಲ್ಲಿ ಶ್ರದ್ಧಾಂಜಲಿ ಸಭೆ. ತ್ರಿಶರಣವಾಯಿತು. ಡಿಪೋದವರೆಲ್ಲ ಖಾಕಿಯಲ್ಲೇ ಬಂದಿದ್ದರು. ಖಾಲಿ ಕೈಯಲ್ಲಿ ಹೋಗಲು ಮನಸ್ಸು ಬಾರದೆ ನಾವಿಬ್ಬರೂ ಗಿಟಾರುಗಳನ್ನು ಒಯ್ದಿದ್ದೆವು, ಒಂದು ಸಣ್ಣ ಸ್ಪೀಕರು ಕೂಡ. ಮಾತುಗಳು ಮುಗಿದ ಮೇಲೆ ಯಾರೋ ಎಂದರು, "ಅಕ್ಕೋರದು ಆ ಗೋದಾಮದ್ದು ಬಾರಸ್ರಿ." ಇನ್ನೊಬ್ಬರು, "ಹೌದ್ರಿ, ಅಕೀ ಆತ್ಮಕ್ಕ ಸಮಾಧಾನ ಆಗ್ತದ." ಎಲ್ಲರೂ ಪ್ರೀತಿಯಿಂದಲೇ ಕೇಳಿದರು. ನಾನು ತಂತಿಗಳ ಮೇಲೆ ಅಂಗೈ ಇಟ್ಟೆ. ಭಾಯ್ ಇಟ್ಟ. ಹೊತ್ತು ಹೋಯಿತು. "ಸತ್ತವರ ಮುಂದೂ ಇಷ್ಟು ಸೊಕ್ಕೇನು?" ಎಂದು ಒಂದು ದನಿ ಬಂತು. ಕೈ ಎತ್ತಿಬಿಡುತ್ತಿದ್ದೆನೋ ಏನೋ.

ಮುಂದಿನ ಸಾಲಿನಿಂದ ಅಕ್ಕನ ಅಪ್ಪ ಬಡಿಗೆ ಊರಿ ಎದ್ದರು.

"ಯಾರೂ ಅವರಿಗೆ ಹೇಳಬ್ಯಾಡ್ರಿ. ನನ್ನ ಮಗಳು ಹೇಳಿದ್ದು ಬಾರಿಸಿದಾಕಿ ಅಲ್ಲ. ಇವರು ಅಕೀ ಜೋಡಿ ಬಾರಿಸಿದವ್ರು."

ಅಷ್ಟೇ ಹೇಳಿ ಕೂತರು. ಮತ್ತೆ ಯಾರೂ ಕೇಳಲಿಲ್ಲ. ಜನ ಚಹಾ ಕುಡಿದು, ಕೈ ಮುಗಿದು ಹೋದರು. ಡಿಪೋದವರು ಡ್ಯೂಟಿಗೆ ಹೋದರು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬಿದ್ದ ಆ ಖಾಲಿ ಕೋಣೆಯಲ್ಲಿ ನಾವಿಬ್ಬರು, ಕಬ್ಬಿಣದ ಮಡಚು ಕುರ್ಚಿಯ ಮೇಲೆ ಆ ಮುದುಕರು. ಅವರು ಬಾಗಿಲ ಕಡೆ ನೋಡಿದರು, ಆಮೇಲೆ ನಮ್ಮ ಕಡೆ.

"ಈಗ ಹೇಳಾವ್ರು ಯಾರೂ ಇಲ್ಲ" ಎಂದರು.

ಎರಡು ಗಂಟೆ ಹೊಡೆಯುವವಳು ಇರಲಿಲ್ಲ. ಭಾಯ್ ಒಂದು ತಂತಿ ಮುಟ್ಟಿದ, ನಾನು ಕೇಳಿದೆ, ಆಮೇಲೆ ಹೇಳಿದೆ. ಹೊರಟೆವು. ಏನು ಬಾರಿಸಿದೆವೆಂದು ಕೇಳಿದರೆ ಹೇಳಲು ಬಾರದು. ಆಕೆಯ ಮೂರು ಬಡಿತ ಬರುವ ಜಾಗವನ್ನೆಲ್ಲ ಬಿಟ್ಟು ಬಿಟ್ಟು ಬಾರಿಸಿದೆವು. ಮಗಳ ಬಾರಿಸಾಟವನ್ನು ಆಕೆ ಇದ್ದಾಗ ಒಮ್ಮೆಯೂ ಕೇಳದ ಮನುಷ್ಯ ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದರು. ಹೋಗುತ್ತ ಹೋಗುತ್ತ ನನಗೆ ದಿಗಿಲಾಯಿತು. ನಿಲ್ಲಿಸುವುದು ಹೇಗೆ? ಈ ಹತ್ತು ವರ್ಷ ಆಕೆ ಒಂದು ಹೊಡೆಯದೆ ನಾವು ನಿಂತದ್ದೇ ಇಲ್ಲ. ಭಾಯ್ ನನ್ನ ಮುಖ ನೋಡಿದ, ನಾನು ಅವನದು. ಬೆರಳು ಉರಿಯುತ್ತಿದ್ದವು. ನಿಲ್ಲಿಸಿದರೆ ಆಕೆ ನಿಜವಾಗಿಯೂ ಹೋದಂತೆ ಎಂದು ಇಬ್ಬರಿಗೂ ಅನ್ನಿಸಿರಬೇಕು. ಬಾರಿಸುತ್ತಲೇ ಇದ್ದೆವು.

ಟಣ್.

ಮುದುಕರ ಬಡಿಗೆ ಕುರ್ಚಿಯ ಕಬ್ಬಿಣದ ಕಾಲಿಗೆ ಬಿದ್ದಿತ್ತು. ಒಂದೇ ಪೆಟ್ಟು, ಬರಬೇಕಾದ ಗಳಿಗೆಗೆ ಸರಿಯಾಗಿ. ನಾವು ನಿಂತೆವು.

ಹಲಗೆಯನ್ನು ಬಾವಿಗೆ ಒಗೆದ ಮೇಲೆ ಅವರು ಹೊಡೆದ ಮೊದಲ ಪೆಟ್ಟು ಅದು. ಹೊಡೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.